ಶಿಮೊನೆಟಾ: ಪೋಲಿ ಮಾತೇ ಅಪರಾಧವಾದ ಜಪಾನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅನಿಮೆ, ಅಂದರೆ ಜಪಾನಿನ ಕಾರ್ಟೂನ್, ನೋಡುವವರ ನಡುವೆ ಶಿಮೊನೆಟಾ ಸರಣಿಯ ಹೆಸರು ಬಂದರೆ ಸಾಕು, ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ಮುಖ ಸಿಂಡರಿಸುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕಾದವು.

## ಇನ್ನೂ ನೋಡದವರಿಗೆ

ಕಥೆ ಏನು? ಎರಡು ಮಾತಲ್ಲಿ ಹೇಳಿ ಸಾಕು.

ಜಪಾನಿನಲ್ಲಿ ಒಂದು ಕಾನೂನು ಬಂದು 16 ವರ್ಷ ಆಗಿದೆ. ಅಶ್ಲೀಲ ಅನ್ನಿಸುವ ಮಾತು, ಚಿತ್ರ, ಪುಸ್ತಕ ಎಲ್ಲಕ್ಕೂ ನಿಷೇಧ. ಹೊಸ ಪೀಳಿಗೆಗೆ ಮಕ್ಕಳು ಹೇಗೆ ಹುಟ್ಟುತ್ತವೆ ಅನ್ನುವುದೂ ಗೊತ್ತಿಲ್ಲ. ಇಂಥ ಊರಿನಲ್ಲಿ ಒಬ್ಬ ಹುಡುಗಿ ಮುಖಕ್ಕೆ ಒಳಚಡ್ಡಿ ಸುತ್ತಿಕೊಂಡು ಬೀದಿಗಿಳಿದು ಪೋಲಿ ಮಾತು ಕೂಗುತ್ತಾಳೆ, ನಿಷೇಧಿತ ಚಿತ್ರಗಳನ್ನು ಗಾಳಿಗೆ ತೂರುತ್ತಾಳೆ. ಪೊಲೀಸರು ಅವಳನ್ನು ಭಯೋತ್ಪಾದಕಿ ಅಂತ ಹುಡುಕುತ್ತಿದ್ದಾರೆ. ಪಾಪದ ಹುಡುಗನೊಬ್ಬ ಅವಳ ಕೈಗೆ ಸಿಕ್ಕಿಬೀಳುತ್ತಾನೆ.

ಹೆಸರು ಯಾಕೆ ಅಷ್ಟುದ್ದ?

ಪೂರ್ತಿ ಹೆಸರು 'ಶಿಮೊನೆಟಾ ತೊ ಇಯು ಗೈನೆನ್ ಗಾ ಸೊನ್ಜಾಯ್ ಶಿನಾಯ್ ತೈಕುತ್ಸು ನಾ ಸೆಕಾಯ್'. ಪೋಲಿ ಜೋಕು ಅನ್ನುವುದೇ ಇಲ್ಲದ ಬೋರು ಹೊಡೆಸುವ ಲೋಕ ಅಂತ. ಜಪಾನಿನ ಲೈಟ್ ನಾವೆಲ್‌ಗಳಲ್ಲಿ (ಯುವಜನರಿಗೆ ಬರೆಯುವ, ಚಿತ್ರಗಳಿರುವ ಸಲೀಸು ಕಾದಂಬರಿಗಳು) ಕಥೆಯನ್ನೇ ಹೆಸರಾಗಿ ಇಟ್ಟುಬಿಡುವ ಗೀಳು ಇದೆ. ಎಲ್ಲರೂ ಸುಮ್ನೆ ಶಿಮೊನೆಟಾ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ.

ಯಾರು ಮಾಡಿದ್ದು, ಎಷ್ಟು ಎಪಿಸೋಡ್?

ಮೂಲ ಹಿರೊತಾಕಾ ಅಕಾಗಿ ಬರೆದ ಲೈಟ್ ನಾವೆಲ್. ಶೋಗಾಕುಕಾನ್ ಪ್ರಕಾಶನದ ಗಾಗಾಗಾ ಬುಂಕೊ ಮಾಲೆಯಲ್ಲಿ 2012ರಿಂದ 2016ರವರೆಗೆ 11 ಸಂಪುಟ ಬಂದವು. ಅನಿಮೆ ಮಾಡಿದ್ದು ಜೆ.ಸಿ. ಸ್ಟಾಫ್ ಸ್ಟುಡಿಯೊ, ನಿರ್ದೇಶಕ ಯೋಹೆಯ್ ಸುಜುಕಿ. 2015ರ ಜುಲೈನಿಂದ ಸೆಪ್ಟೆಂಬರ್‌ವರೆಗೆ 12 ಎಪಿಸೋಡ್ ಪ್ರಸಾರವಾದವು. ಒಂದು ಶನಿವಾರ, ಭಾನುವಾರ ಇದ್ದರೆ ಮುಗಿಯುತ್ತದೆ.

ಕಾರ್ಟೂನ್ ತಾನೇ? ಮಕ್ಕಳ ಜೊತೆ ಕೂತು ನೋಡಬಹುದಾ?

ಬೇಡ. ಮಕ್ಕಳ ಜೊತೆ ಬೇಡ, ಅಪ್ಪ ಅಮ್ಮನ ಜೊತೆ ಅಂತೂ ಬೇಡವೇ ಬೇಡ. ಇದು ದೊಡ್ಡವರಿಗೆ ಮಾಡಿದ ಸರಣಿ. ಪಾತ್ರಗಳು ಶಾಲೆಯ ಹುಡುಗ ಹುಡುಗಿಯರು, ಆದರೂ ಸರಣಿ ಅವರನ್ನು ಮುಜುಗರದ ಸನ್ನಿವೇಶಗಳಿಗೆ ತಳ್ಳುತ್ತದೆ. ನನಗೆ ಇದರಲ್ಲಿ ಹಿಡಿಸದ ಮೊದಲ ಸಂಗತಿ ಅದೇ. ಇದೇ ಕಥೆ ಕಾಲೇಜಿನಲ್ಲೋ ಆಫೀಸಿನಲ್ಲೋ ನಡೆದಿದ್ದರೂ ವಿಡಂಬನೆಗೆ ಏನೂ ನಷ್ಟವಾಗುತ್ತಿರಲಿಲ್ಲ.

ಕನ್ನಡದಲ್ಲಿ ಸಿಗುತ್ತಾ?

ಇಲ್ಲ. ಜಪಾನಿ ದನಿಗೆ ಇಂಗ್ಲಿಷ್ ಸಬ್‌ಟೈಟಲ್ ಇದೆ, ಇಂಗ್ಲಿಷ್ ಡಬ್ಬಿಂಗ್ ಇದೆ. ಒಂದು ತಮಾಷೆ ನೋಡಿ. ಈ ಸರಣಿ ಜಪಾನಿನ ಟೀವಿಯಲ್ಲಿ ಓಡುತ್ತಿದ್ದ 2015ರ ಜುಲೈನಲ್ಲೇ ಕನ್ನಡಕ್ಕೆ ಡಬ್ಬಿಂಗ್ ತಡೆದಿದ್ದಕ್ಕೆ ಇಲ್ಲಿನ ಚಿತ್ರರಂಗದ ಸಂಘಟನೆಗಳಿಗೆ ಭಾರತೀಯ ಸ್ಪರ್ಧಾ ಆಯೋಗ ದಂಡ ಹಾಕಿತ್ತು. ಆ ಕಾಲದಲ್ಲಿ ಬೆಳೆದ ಎಷ್ಟೋ ಕನ್ನಡದ ಹುಡುಗರು ಅನಿಮೆ ನೋಡಿದ್ದು ಹಿಂದಿಯಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಇನ್ನು ಇಂಥ ಸರಣಿಗೆ ಕನ್ನಡದ ದನಿ ಯಾರು ಕೊಡಿಸುತ್ತಾರೆ ಹೇಳಿ. ಆದರೆ ಒಳ್ಳೆಯ ನಾಟಕ ಕಂಪನಿಯ ಹಾಸ್ಯಗಾರನೊಬ್ಬ ಸಿಕ್ಕರೆ ಆ ಪೋಲಿ ಮಾತಿನ ಹುಡುಗಿ ಆಯಮೆಯ ಮಾತು ಕನ್ನಡದಲ್ಲಿ ಎಷ್ಟು ಚೆನ್ನಾಗಿ ಬರಬಹುದು ಅಂತ ಆಗಾಗ ಅಂದುಕೊಳ್ಳುತ್ತೇನೆ.

## ಕಥೆ ಮತ್ತು ಪಾತ್ರಗಳು (ಇಲ್ಲಿಂದ ಮುಂದೆ ಗುಟ್ಟು ಬಯಲಾಗುತ್ತದೆ)

ಎಲ್ಲರ ಕತ್ತಿನಲ್ಲೂ ಕೈಯಲ್ಲೂ ಇರುವ ಆ ಪಟ್ಟಿ ಏನು?

ಅದರ ಹೆಸರು ಪೀಸ್ ಮೇಕರ್, ಚಿಕ್ಕದಾಗಿ ಪಿಎಂ. ಕತ್ತಿನದು ನೀವು ಆಡುವ ಪ್ರತಿ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಮಣಿಕಟ್ಟಿನದು ಕೈ ಏನು ಬರೆಯುತ್ತಿದೆ, ಏನು ಗೀಚುತ್ತಿದೆ ಅಂತ ನೋಡುತ್ತದೆ. ತಪ್ಪು ಪದ ಬಾಯಿಂದ ಬಿದ್ದರೆ ಅಧಿಕಾರಿಗಳಿಗೆ ಸುದ್ದಿ ಹೋಗುತ್ತದೆ. ಆಯಮೆಯ ಫೋನಿನಲ್ಲಿ ಒಂದು ಕಳ್ಳ ಉಪಾಯ ಇದೆ. ದಿನಕ್ಕೆ 3 ನಿಮಿಷ ಮಾತ್ರ ಆ ಪಟ್ಟಿಯನ್ನು ಕಿವುಡು ಮಾಡಬಹುದು. ಆ 3 ನಿಮಿಷದಲ್ಲಿ ಅವಳು ಆಡುವಷ್ಟು ಮಾತನ್ನೂ ಆಡಿಬಿಡುತ್ತಾಳೆ.

ಇಡೀ ಸರಣಿಯ ಲಯ ಇರುವುದೇ ಈ ಲೆಕ್ಕದಲ್ಲಿ. ಪೋಲಿ ಮಾತು ಇಲ್ಲಿ ರೇಷನ್ನಿನಲ್ಲಿ ಸಿಗುತ್ತದೆ. ಉತ್ತರ ಕರ್ನಾಟಕದ ಕಾಮನ ಹಬ್ಬ ಕಂಡವರಿಗೆ ಇದು ಹೊಸದಲ್ಲ. ವರ್ಷವೆಲ್ಲ ಬಾಯಿ ಕಟ್ಟಿಕೊಂಡವರು ಆ ದಿನ ಬಾಯಿ ಬಡಿದುಕೊಂಡು ಬೈದಾಡಿದರೂ ಯಾರೂ ಕೇಳುವುದಿಲ್ಲ, ಅಲ್ವಾ?

ಸಾಕ್ಸ್ ಅಂದ್ರೆ ಯಾರು? ನಿಜವಾದ ಭಯೋತ್ಪಾದಕರಾ?

ಬಾಂಬು, ಬಂದೂಕು ಏನೂ ಇಲ್ಲ. ಸಾಕ್ಸ್ ಅನ್ನುವುದು ಆಯಮೆ ಕಾಜೊ ಕಟ್ಟಿದ ಗುಂಪು. ಹಗಲು ಅವಳು ದೇಶದಲ್ಲೇ ಅತ್ಯಂತ ಶಿಸ್ತಿನ ತೋಕಿಯೊಕಾ ಶಾಲೆಯ ವಿದ್ಯಾರ್ಥಿ ಸಂಘದ ಉಪಾಧ್ಯಕ್ಷೆ. ಕನ್ನಡಕ, ಜಡೆ, ಗಂಭೀರ ಮುಖ. ವೇಷ ಹಾಕಿದರೆ ಅವಳೇ ಬ್ಲೂ ಸ್ನೋ. ಹಂಚುವುದು ಹಳೆಯ ಚಿತ್ರ, ಹಳೆಯ ಪತ್ರಿಕೆ, ಮುಚ್ಚಿಟ್ಟ ಮಾಹಿತಿ. ಕಾನೂನಿನ ಕಣ್ಣಿಗೆ ಅದು ಬಾಂಬಿಗಿಂತ ದೊಡ್ಡದು. ಕದ್ದು ಹಂಚುವ ಕರಪತ್ರದ ಕೆಲಸವನ್ನೇ ಈ ಸರಣಿ ಪೋಲಿ ಪುಸ್ತಕಕ್ಕೆ ಹಚ್ಚಿ ನಗಿಸುತ್ತದೆ.

ನಾಯಕ ತಾನುಕಿಚಿ ಯಾಕೆ ಅಷ್ಟು ಸಪ್ಪೆ?

ಸಪ್ಪೆ ಇರಲಿ ಅಂತಲೇ ಮಾಡಿದ್ದಾರೆ. ಅವನ ಅಪ್ಪ ಈ ಕಾನೂನಿನ ವಿರುದ್ಧ ನಿಂತು ಜೈಲು ಸೇರಿದವನು. ಅಪ್ಪನ ಕೆಟ್ಟ ಹೆಸರು ತೊಳೆದುಕೊಳ್ಳಬೇಕು, ಚಿಕ್ಕಂದಿನಿಂದ ಮೆಚ್ಚಿಕೊಂಡ ಅನ್ನಾಳ ಹತ್ತಿರ ಇರಬೇಕು ಅಂತ ತೋಕಿಯೊಕಾ ಶಾಲೆಗೆ ಸೇರುತ್ತಾನೆ. ಅಲ್ಲಿ ಆಯಮೆ ಅವನನ್ನು ಬೆದರಿಸಿ ಗುಂಪಿಗೆ ಎಳೆದುಕೊಳ್ಳುತ್ತಾಳೆ. ಸುತ್ತಲೂ ಎಲ್ಲರೂ ಅತಿರೇಕದವರಾದಾಗ ನಡುವೆ ಒಬ್ಬ ಬೆವರು ಒರೆಸಿಕೊಳ್ಳುವವನು ಬೇಕು. ಆ ಕೆಲಸ ಇವನದು.

ಅನ್ನಾ ಮಾಡುವುದನ್ನು ನೋಡಿ ನನಗೆ ನಗು ಬರಲಿಲ್ಲ, ಹೆದರಿಕೆ ಆಯ್ತು. ನನ್ನದೇ ತಪ್ಪಾ?

ನಿಮ್ಮ ತಪ್ಪಲ್ಲ. ಅತಿ ಹೆಚ್ಚು ಬರುವ ಪ್ರಶ್ನೆ ಇದು.

ಅನ್ನಾ ನಿಶಿಕಿನೊಮಿಯಾ ವಿದ್ಯಾರ್ಥಿ ಸಂಘದ ಅಧ್ಯಕ್ಷೆ. ಅವಳ ತಾಯಿ ಸೋಫಿಯಾ ಈ ಕಾನೂನಿನ ಪರ ನಿಂತ ದೊಡ್ಡ ರಾಜಕಾರಣಿ. ಮಗಳನ್ನು ಕಾನೂನಿನ ಮಾದರಿ ಮಗುವಾಗಿ ಬೆಳೆಸಿದ್ದಾಳೆ. ಅನ್ನಾಳಿಗೆ ಗೊತ್ತಿರುವುದು ಇಷ್ಟೇ: ಪ್ರೀತಿ ಒಳ್ಳೆಯದು, ಅಶ್ಲೀಲ ಕೆಟ್ಟದ್ದು. ಒಂದು ಆಕಸ್ಮಿಕ ಮುತ್ತಿನ ನಂತರ ಅವಳಿಗೆ ತಾನುಕಿಚಿ ಮೇಲೆ ಪ್ರೀತಿ ಹುಟ್ಟುತ್ತದೆ. ಪ್ರೀತಿಯಿಂದ ಮಾಡಿದ್ದೆಲ್ಲ ಸರಿ ಅಂತ ಅವಳು ನಂಬುತ್ತಾಳೆ. ಅವನು ಬೇಡ ಅಂದರೂ, ಓಡಿ ಹೋದರೂ, ಅವಳಿಗೆ ಅದು ತಪ್ಪು ಅನ್ನಿಸುವುದೇ ಇಲ್ಲ. ಬೇರೆಯವರ ಒಪ್ಪಿಗೆ ಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದರೆ ಆ ವಿಷಯ ಎತ್ತಬೇಕು, ಎತ್ತಿದರೆ ಪಟ್ಟಿ ಕೂಗುತ್ತದೆ.

ಇಡೀ ಸರಣಿಯಲ್ಲಿ ನಿಜಕ್ಕೂ ಹರಿತವಾದ ಯೋಚನೆ ಇದೊಂದೇ ಅನ್ನುತ್ತೇನೆ. ಮಕ್ಕಳನ್ನು ಕಾಪಾಡಲು ಬಂದ ಕಾನೂನು ತನ್ನ ಅತ್ಯುತ್ತಮ ಮಗುವನ್ನೇ ಇನ್ನೊಬ್ಬರಿಗೆ ಅಪಾಯವಾಗಿ ಬೆಳೆಸಿದೆ. ಪೋಲಿ ಮಾತಾಡುವ ಆಯಮೆಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತು, ಶುದ್ಧವಾಗಿ ಬೆಳೆದ ಅನ್ನಾಗೆ ಗೊತ್ತಿಲ್ಲ.

ಎಡವಟ್ಟು ಆಗಿರುವುದು ಚಿತ್ರಿಸಿದ ರೀತಿಯಲ್ಲಿ. ಇಷ್ಟು ಗಂಭೀರ ಸಂಗತಿಯನ್ನು ಸರಣಿ ಮತ್ತೆ ಮತ್ತೆ ಹುಡುಗಾಟವಾಗಿ ತೋರಿಸುತ್ತದೆ, ಕ್ಯಾಮೆರಾ ಅದನ್ನು ಸವಿಯುತ್ತದೆ. ಬಲಿಯಾದವನು ಹುಡುಗ ಅನ್ನುವ ಕಾರಣಕ್ಕೆ ನಗಬಹುದು ಅಂತ ಲೆಕ್ಕ ಹಾಕಿದಂತಿದೆ. ಹುಡುಗಿಗೆ ಹೀಗಾಗಿದ್ದರೆ ಯಾರೂ ನಗುತ್ತಿರಲಿಲ್ಲ. ಯೋಚನೆಗೆ ನೂರು ಅಂಕ ಕೊಟ್ಟು, ತೋರಿಸಿದ ರೀತಿಗೆ ಫೇಲ್ ಮಾಡಬೇಕಾದ ಜಾಗ ಇದು.

ಅನ್ನಾಗೆ ದನಿ ಕೊಟ್ಟವರು ತೀರಿಕೊಂಡ್ರಂತೆ, ನಿಜಾನಾ?

ನಿಜ. ಮಿಯು ಮಾತ್ಸುಕಿ ಅನ್ನುವ ಕಲಾವಿದೆ. ಸರಣಿ ಮುಗಿದ ಮುಂದಿನ ತಿಂಗಳೇ, 2015ರ ಅಕ್ಟೋಬರ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 38 ವರ್ಷ. ಮೃದುವಾದ, ಮರ್ಯಾದಸ್ಥ ದನಿಯಲ್ಲೇ ಅನ್ನಾಳ ಭೀಕರತೆ ಬಂದಿರುವುದು ಅವರ ಕಸುಬು.

ಬರೀ ಪೋಲಿ ಜೋಕೇ ತಾನೇ? ಇದರಲ್ಲಿ ವಿಡಂಬನೆ ಎಲ್ಲಿದೆ ತೋರಿಸಿ.

ಮುಖ್ಯ ಪಾತ್ರಗಳನ್ನು ಬಿಟ್ಟು ಪಕ್ಕದವರನ್ನು ನೋಡಿ.

ಸಾವೊತೊಮೆ ಒಬ್ಬ ಚಿತ್ರಗಾರ್ತಿ. ಕೈಯಲ್ಲಿ ಬರೆದರೆ ಮಣಿಕಟ್ಟಿನ ಪಟ್ಟಿಗೆ ಗೊತ್ತಾಗುತ್ತದೆ. ಅದಕ್ಕೆ ಬಾಯಲ್ಲಿ ಬ್ರಷ್ ಕಚ್ಚಿ ಬರೆಯುವುದನ್ನು ಕಲಿಯುತ್ತಾಳೆ. ಸೆನ್ಸಾರ್ ಬಿಗಿಯಾದಷ್ಟೂ ಕಲೆಗಾರರು ಹೊಸ ದಾರಿ ಹುಡುಕುತ್ತಾರೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ, ಇದಕ್ಕಿಂತ ಹುಚ್ಚಾಗಿ ಹೇಳಲು ಸಾಧ್ಯವಿಲ್ಲ.

ಹ್ಯೋಕಾ ಫುವಾ ವಿಜ್ಞಾನದ ಹುಚ್ಚು ಹಿಡಿದ ಹುಡುಗಿ. ಅವಳ ಪ್ರಶ್ನೆ ಒಂದೇ: ಜೀವ ಹೇಗೆ ಹುಟ್ಟುತ್ತದೆ? ಅದರಲ್ಲಿ ಪೋಲಿತನ ಕಾಳಷ್ಟೂ ಇಲ್ಲ. ಅವಳಿಗೆ ಸಿಗುವ ಪಾಠಪುಸ್ತಕ ಅಂದರೆ ನೊಣಗಳು. ಕಾನೂನಿನ ಪ್ರಕಾರ ಆಯಮೆಯ ಜೋಕೂ ಇವಳ ಪ್ರಶ್ನೆಯೂ ಒಂದೇ ಅಪರಾಧ.

ಇನ್ನೊಬ್ಬ ತ್ಸುಕಿಮಿಗುಸಾ. ಸೋಫಿಯಾ ಕಡೆಯಿಂದ ಶಾಲೆಗೆ ಬಂದ ಯಂತ್ರದಂಥ ಮನುಷ್ಯ. ಅಶ್ಲೀಲವಾಗಿ ಕಾಣಬಹುದಾದ ವಸ್ತು ಯಾವುದೇ ಇರಲಿ, ಕಿತ್ತುಕೊಳ್ಳುತ್ತಾನೆ. ಎಲ್ಲದರಲ್ಲೂ ಕೊಳಕು ಹುಡುಕುವುದೇ ಅವನ ಕೆಲಸ. ಕೊನೆಗೆ ಶಾಲೆಯಲ್ಲಿ ಆ ವಿಷಯವನ್ನೇ ದಿನವಿಡೀ ಯೋಚಿಸುವವನು ಯಾರು? ಸೆನ್ಸಾರ್ ಮಾಡುವವನೇ.

ಪೋಲಿತನದ ಪರ ಇರುವ ಸರಣಿಯಲ್ಲಿ ಕೊನೆಯ ವಿಲನ್‌ಗಳೂ ಪೋಲಿಗಳೇ ಯಾಕೆ?

'ಗ್ಯಾದರ್ಡ್ ಫ್ಯಾಬ್ರಿಕ್' ಅನ್ನುವ ಒಳಉಡುಪು ಕಳ್ಳರ ಗುಂಪಿನ ಬಗ್ಗೆ ಕೇಳುತ್ತಿದ್ದೀರಿ. ಇವರೂ ಕಾನೂನಿನ ವಿರೋಧಿಗಳೇ. ಆದರೆ ಜನರನ್ನು ಹೆದರಿಸಿ, ಅವರ ವಸ್ತು ಕಿತ್ತುಕೊಂಡು ತಮ್ಮ ಚಟ ತೀರಿಸಿಕೊಳ್ಳುತ್ತಾರೆ. ಹೊರಗಿನವರ ಕಣ್ಣಿಗೆ ಸಾಕ್ಸ್ ಕೂಡ ಇವರ ಜೊತೆಯೇ. ಇನ್ನೂ ಬಿಗಿ ಕಾನೂನು ಬೇಕು ಅನ್ನುವವರಿಗೆ ಹಬ್ಬ. ತನಗೆ ಬೇಕಾದ ಸ್ವಾತಂತ್ರ್ಯ ಯಾವುದು, ಯಾವುದು ಅಲ್ಲ ಅಂತ ಆಯಮೆ ಬಾಯಿ ಬಿಟ್ಟು ಹೇಳಬೇಕಾಗುವುದು ಆಗಲೇ. ಅನ್ನಾಳ ವಿಷಯದಲ್ಲಿ ತಪ್ಪಿದ ತೂಕವನ್ನು ಕಥೆ ಇಲ್ಲಿ ಸ್ವಲ್ಪ ಸರಿ ಮಾಡಿಕೊಳ್ಳುತ್ತದೆ. ಹಾಸ್ಯದ ದೃಷ್ಟಿಯಿಂದ ಮಾತ್ರ ಕೊನೆಯ ಎಪಿಸೋಡುಗಳು ಜಾಳು.

ಸೆನ್ಸಾರ್ ವಿರುದ್ಧದ ಸರಣಿಗೇ ಬೀಪ್ ಹಾಕಿದ್ದಾರಲ್ಲ?

ಟೀವಿಯ ನಿಯಮ ಟೀವಿಯದು. ಆದರೆ ಬೀಪನ್ನೂ ಇವರು ಜೋಕಿಗೆ ಬಳಸಿಕೊಂಡಿದ್ದಾರೆ. ಮುಚ್ಚಿದ ಪದವನ್ನು ನಿಮ್ಮ ತಲೆಯೇ ತುಂಬಿಕೊಳ್ಳುತ್ತದೆ, ಬಹಳ ಸಲ ಮೂಲಕ್ಕಿಂತ ಕೆಟ್ಟದ್ದನ್ನೇ ತುಂಬಿಕೊಳ್ಳುತ್ತದೆ.

## ಜಪಾನಿನ ನಿಜ ಏನು?

ಜಪಾನಲ್ಲಿ ಎಲ್ಲಾ ಓಪನ್ ಅಂತಾರೆ. ಅಲ್ಲೂ ಸೆನ್ಸಾರ್ ಇದೆಯಾ?

ಇದೆ, ವಿಚಿತ್ರವಾಗಿ ಇದೆ. ಜಪಾನಿನ ಸಂವಿಧಾನದ 21ನೇ ವಿಧಿ ಸೆನ್ಸಾರ್ ಮಾಡುವಂತಿಲ್ಲ ಅನ್ನುತ್ತದೆ. ದಂಡ ಸಂಹಿತೆಯ 175ನೇ ಕಲಂ ಅಶ್ಲೀಲ ವಸ್ತು ಹಂಚಿದರೆ ಶಿಕ್ಷೆ ಅನ್ನುತ್ತದೆ. ಮುಂಚೆಯೇ ತಡೆಯುವಂತಿಲ್ಲ, ಹೊರಬಂದ ಮೇಲೆ ಹಿಡಿಯಬಹುದು. ಹಾಗಾಗಿ ಮಾಡುವವರೇ ಹೆದರಿ ಮುಚ್ಚುತ್ತಾರೆ. ಅಲ್ಲಿನ ವಯಸ್ಕರ ಚಿತ್ರಗಳಲ್ಲಿ ಕಾಣುವ ಮೊಸಾಯಿಕ್ (ಚೌಕ ಚೌಕದ ಮಸುಕು) ಹುಟ್ಟಿದ್ದು ಹೀಗೆ.

ಕೋರ್ಟಿನ ಕಥೆಯೂ ಸ್ವಾರಸ್ಯದ್ದು. ಡಿ.ಎಚ್. ಲಾರೆನ್ಸ್ ಬರೆದ 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿಯನ್ನು ಜಪಾನಿಗೆ ತಂದ ಅನುವಾದಕ ಸೇಯ್ ಇತೊ ಮತ್ತು ಪ್ರಕಾಶಕರು ತಪ್ಪಿತಸ್ಥರು ಅಂತ 1957ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 1960ರಲ್ಲಿ ಇಂಗ್ಲೆಂಡಿನ ಕೋರ್ಟು ಅದೇ ಪುಸ್ತಕದ ಪ್ರಕಾಶಕರನ್ನು ಬಿಟ್ಟುಬಿಟ್ಟಿತು. 1964ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಅದನ್ನು ಮಾರಿದ ಬೊಂಬಾಯಿಯ ಪುಸ್ತಕ ವ್ಯಾಪಾರಿಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಹುಟ್ಟಿದ ಊರಲ್ಲಿ ಪಾರಾದ ಪುಸ್ತಕ ಇಬ್ಬರು ಏಷ್ಯಾದವರ ಕೈಯಲ್ಲಿ ಸಿಕ್ಕಿಬಿತ್ತು.

ಇತ್ತೀಚಿನದು ಬೇಕಾದರೆ ರೊಕುದೆನಾಶಿಕೊ ಅನ್ನುವ ಹೆಸರಿನ ಕಲಾವಿದೆಯನ್ನು 2014ರಲ್ಲಿ ಬಂಧಿಸಿದ್ದು ಇದೆ. ತನ್ನದೇ ದೇಹದ ಭಾಗವನ್ನು ಕಲೆಯಾಗಿಸಿ, ಅದರ ತ್ರೀಡಿ ದತ್ತಾಂಶ ಹಂಚಿದ್ದಳು. 2016ರಲ್ಲಿ 4 ಲಕ್ಷ ಯೆನ್ ದಂಡ ಬಿತ್ತು.

ಟೋಕಿಯೊದಲ್ಲಿ 2010ರಲ್ಲಿ ಏನೋ ದೊಡ್ಡ ಗಲಾಟೆ ಆಯ್ತಂತೆ. ಈ ಕಥೆ ಅದರಿಂದಲೇ ಬಂದಿದ್ದಾ?

ಅದರಿಂದಲೇ ಅಂತ ಹೇಳುವುದಿಲ್ಲ. ಆದರೆ ಆ ಗಲಾಟೆ ಗೊತ್ತಿದ್ದವರಿಗೆ ಸರಣಿಯ ರುಚಿ ಜಾಸ್ತಿ.

2010ರಲ್ಲಿ ಟೋಕಿಯೊ ಮಹಾನಗರ ಸರ್ಕಾರ ಯುವಜನರ ಆರೋಗ್ಯಕರ ಬೆಳವಣಿಗೆಯ ನಿಯಮವನ್ನು ಬಿಗಿ ಮಾಡಲು ಹೊರಟಿತು. ಮೊದಲ ಕರಡಿನಲ್ಲಿ 'ಅಸ್ತಿತ್ವದಲ್ಲಿಲ್ಲದ ಯುವಜನ' ಅನ್ನುವ ಮಾತಿತ್ತು. ಅಂದರೆ ಬರೆದ ಚಿತ್ರದಲ್ಲಿ 18 ತುಂಬದವರಂತೆ ಕಾಣುವ ಪಾತ್ರಗಳು. ಜೂನ್‌ನಲ್ಲಿ ಅದು ಬಿದ್ದುಹೋಯಿತು. ತಿದ್ದಿದ ಕರಡು ಡಿಸೆಂಬರ್‌ನಲ್ಲಿ ಪಾಸಾಯಿತು, 2011ರ ಜುಲೈಗೆ ಪೂರ್ತಿ ಜಾರಿಯಾಯಿತು. ಸಿಟ್ಟಾದ 10 ದೊಡ್ಡ ಮಾಂಗಾ (ಜಪಾನಿನ ಕಾಮಿಕ್ಸ್) ಪ್ರಕಾಶಕರು ಟೋಕಿಯೊ ಅನಿಮೆ ಮೇಳವನ್ನು ಬಹಿಷ್ಕರಿಸಿದರು. ಶಿಮೊನೆಟಾದ ಪ್ರಕಾಶಕ ಶೋಗಾಕುಕಾನ್ ಆ ಹತ್ತರಲ್ಲಿ ಒಬ್ಬರು. (ಮೇಳ ಕಡೆಗೂ ನಡೆಯಲಿಲ್ಲ. 2011ರ ಮಾರ್ಚ್ ಭೂಕಂಪದಿಂದ ರದ್ದಾಯಿತು.) ಮಾರನೇ ವರ್ಷವೇ ಶಿಮೊನೆಟಾದ ಮೊದಲ ಸಂಪುಟ ಬಂತು. ಕಥೆಯೊಳಗಿನ ಕಾನೂನಿನ ಹೆಸರಿನಲ್ಲೂ ಮಕ್ಕಳ ಆರೋಗ್ಯಕರ ಬೆಳವಣಿಗೆಯ ಮಾತೇ ಇದೆ.

ಎರಡೂ ಕಡೆಯ ಮಾತಿನಲ್ಲಿ ತೂಕ ಇತ್ತು ಅನ್ನುವುದನ್ನೂ ಹೇಳಬೇಕು. ಮಕ್ಕಳಂತೆ ಕಾಣುವ ಪಾತ್ರಗಳನ್ನು ಮಾರಾಟದ ಸರಕು ಮಾಡುವುದಕ್ಕೆ ತಕರಾರು ಎತ್ತಿದವರೆಲ್ಲ ಸೋಫಿಯಾಗಳಲ್ಲ. ಆದರೆ ಆಗ ಟೋಕಿಯೊದ ಗವರ್ನರ್ ಆಗಿದ್ದವರು ಶಿಂತಾರೊ ಇಶಿಹಾರಾ. 1950ರ ದಶಕದಲ್ಲಿ ಹದಿಹರೆಯದವರ ಕಾಮ, ಹಿಂಸೆಯ ಕಥೆ ಬರೆದು ಹೆಸರು ಮಾಡಿದ ಕಾದಂಬರಿಕಾರ. ಆ ಕಥೆಗಳ ಸಿನಿಮಾಗಳು ಎಬ್ಬಿಸಿದ ಗದ್ದಲಕ್ಕೆ 1956ರಲ್ಲಿ ಜಪಾನಿನ ಚಲನಚಿತ್ರ ಪರಿಶೀಲನಾ ಸಂಸ್ಥೆ ಏಯ್ರಿನ್ ಅನ್ನೇ ಹೊಸದಾಗಿ ಕಟ್ಟಬೇಕಾಯಿತು. ಅಕಾಗಿ ಇಂಥ ಪಾತ್ರ ಸೃಷ್ಟಿಸಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಜಪಾನೀಯರು ಮೊದಲಿನಿಂದಲೂ ಇಷ್ಟು ಮಡಿವಂತರಾ?

ಎದೊ ಕಾಲದಲ್ಲಿ (17ರಿಂದ 19ನೇ ಶತಮಾನ) ದೊಡ್ಡ ದೊಡ್ಡ ಕಲಾವಿದರೇ ಶುಂಗಾ, ಅಂದರೆ ಕಾಮದ ಚಿತ್ರ, ಬರೆದಿದ್ದಾರೆ. ಹೊಕುಸಾಯ್ ಬರೆದಿದ್ದಾನೆ, ಉತಾಮಾರೊ ಬರೆದಿದ್ದಾನೆ. ಅದರಲ್ಲಿ ನಗುವೂ ಇದೆ. 'ನಗುವ ಚಿತ್ರ' ಅಂತಲೇ ಕರೆಯುತ್ತಿದ್ದರು. ಆದರೆ ಅದಕ್ಕೆ ಸ್ವಂತ ನಾಡಿನ ಮ್ಯೂಸಿಯಂಗಳು ಹಿಂದೇಟು ಹಾಕಿದವು. 2013ರಲ್ಲಿ ಬ್ರಿಟಿಷ್ ಮ್ಯೂಸಿಯಂ ದೊಡ್ಡ ಪ್ರದರ್ಶನ ಮಾಡಿದ ಮೇಲೆ, 2015ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದ ಏಯ್ಸೇಯ್ ಬುಂಕೊ ಅನ್ನುವ ಚಿಕ್ಕ ಮ್ಯೂಸಿಯಂ ಧೈರ್ಯ ಮಾಡಿತು. 18 ತುಂಬಿದವರಿಗೆ ಮಾತ್ರ ಪ್ರವೇಶ. ಶಿಮೊನೆಟಾದ ಕೊನೆಯ ಎಪಿಸೋಡ್ ಬಂದಿದ್ದೂ ಅದೇ ತಿಂಗಳು.

ನಮ್ಮ ಕಡೆಯೂ ಮದುವೆಮನೆಯಲ್ಲಿ ಹಳೆಯ ಹೆಂಗಸರು ಬೀಗರ ಮೇಲೆ ಹೇಳುವ ಹಾಡು ಕೇಳಿದ್ದೀರಾ? ಅದರ ಕೆಲವು ಸಾಲು ಇಲ್ಲಿ ಬರೆಯುವ ಹಾಗಿಲ್ಲ. ಇದನ್ನೆಲ್ಲ ಹಾಡಿದವರು ಅಜ್ಜಿಯರು, ಕೇಳಿ ನಾಚಿಕೊಳ್ಳುವವರು ಮೊಮ್ಮಕ್ಕಳು.

## ಇನ್ನೂ ಸ್ವಲ್ಪ ಆಳಕ್ಕೆ

ನಮ್ಮ ಸೆನ್ಸಾರ್ ಬೋರ್ಡಿಗೆ ಇದು ಹೋದ್ರೆ ಪಾಸಾಗುತ್ತಾ?

ಹೋಗುವುದೇ ಇಲ್ಲ. ಸಿನಿಮಾ ಪ್ರಮಾಣೀಕರಣ ಮಂಡಳಿಯ ಕೈಗೆ ಬರುವುದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಚಿತ್ರಮಂದಿರಕ್ಕೆ ಹೋಗುವ ಸಿನಿಮಾಗಳು. ಟೀವಿಗೆ 1995ರ ಕೇಬಲ್ ಕಾಯ್ದೆಯ ಕಾರ್ಯಕ್ರಮ ಸಂಹಿತೆ. ಸ್ಟ್ರೀಮಿಂಗ್‌ಗೆ 2021ರ ಐಟಿ ನಿಯಮಗಳು, ಅಲ್ಲಿ ಕಂಪನಿಗಳೇ ವಯಸ್ಸಿನ ಪಟ್ಟಿ ಹಚ್ಚಬೇಕು. ಅಲ್ಲಿ ಇದಕ್ಕೆ ಸಿಗುವುದು 'ಎ' ಮಾತ್ರ.

ಇಷ್ಟೆಲ್ಲ ಅತಿರೇಕ. ನಿಜ ಜೀವನದಲ್ಲಿ ಯಾರಾದ್ರೂ ಇಷ್ಟು ಅಜ್ಞಾನದಲ್ಲಿ ಬೆಳೀತಾರಾ?

ಪೂರ್ತಿ ಹಾಗೆ ಯಾರೂ ಬೆಳೆಯುವುದಿಲ್ಲ. ಆದರೆ 2007ರ ಸುಮಾರಿಗೆ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಿಗೆ ತಂದಾಗ ಹಲವು ರಾಜ್ಯಗಳಲ್ಲಿ ವಿರೋಧ ಬಂತು. ಕರ್ನಾಟಕದಲ್ಲೂ ಅದನ್ನು ನಿಲ್ಲಿಸಿದರು. ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ "ಇದನ್ನ ನೀವೇ ಓದ್ಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹೋದ ಮೇಷ್ಟ್ರು ಎಷ್ಟೋ ಜನರಿಗೆ ನೆನಪಿರಬಹುದು. ಹುಡುಗರು ಅದನ್ನು ಓದಿಕೊಂಡರು, ಆದರೆ ಆ ಪುಸ್ತಕದಲ್ಲಿ ಅಲ್ಲ. ಇವತ್ತಂತೂ ಫೋನಿದೆ. ಶಾಲೆ ಬಾಯಿ ಮುಚ್ಚಿದರೆ ಆ ಜಾಗಕ್ಕೆ ಬಂದು ಕೂರುವುದು ಮೌನವಲ್ಲ, ಕೆಟ್ಟ ವಿಡಿಯೊ. ಶಿಮೊನೆಟಾದ ಲೋಕದಲ್ಲಿ ಇಂಟರ್ನೆಟ್ಟೂ ಸರ್ಕಾರದ ಹಿಡಿತದಲ್ಲಿದೆ. ನಮ್ಮ ಮಕ್ಕಳ ಸಮಸ್ಯೆ ಅನ್ನಾಳಿಗಿಂತ ಬೇರೆ: ಇವರು ನೋಡಿರುವುದು ಜಾಸ್ತಿ, ಕೇಳಿ ತಿಳಿದುಕೊಂಡಿರುವುದು ಕಡಿಮೆ. ಎದುರಿನವರ ಒಪ್ಪಿಗೆ ಅಂದರೇನು ಅನ್ನುವ ಜಾಗಕ್ಕೆ ಬಂದರೆ ಮಾತ್ರ ಇಬ್ಬರೂ ಒಂದೇ ಕಡೆ ನಿಂತಿರುತ್ತಾರೆ.

ಎರಡನೇ ಸೀಸನ್ ಬರುತ್ತಾ?

12 ಎಪಿಸೋಡಿಗೆ ನಿಂತಿದೆ. ಕಾದಂಬರಿ ಮಾತ್ರ 11ನೇ ಸಂಪುಟದಲ್ಲಿ ಮುಗಿದಿದೆ.

ನನಗೆ ಇದು ಹಿಡಿಸುತ್ತೋ ಇಲ್ವೋ ಅಂತ ಬೇಗ ತಿಳಿಯೋದು ಹೇಗೆ?

ಮೊದಲ ನಾಲ್ಕು ಎಪಿಸೋಡ್ ನೋಡಿ. ಆಯಮೆಯ 3 ನಿಮಿಷ, ಫುವಾಳ ನೊಣಗಳು, ಅನ್ನಾಳ ಬದಲಾವಣೆ, ಎಲ್ಲವೂ ಅಷ್ಟರೊಳಗೆ ಬಂದುಬಿಡುತ್ತವೆ. ಮೊದಲನೆಯದಕ್ಕೇ ನಗು ಬರದಿದ್ದರೆ ಅಲ್ಲೇ ಬಿಡಿ, ಜೋಕಿನ ಜಾತಿ ಮುಂದೆಯೂ ಅದೇ. ಅನ್ನಾಳ ಭಾಗ ಸಹಿಸಲು ಆಗದಿದ್ದರೆ ನಾಲ್ಕಕ್ಕೆ ನಿಲ್ಲಿಸಿ. ಮುಂದೆ ಅದು ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ. ಎರಡನ್ನೂ ದಾಟಿದರೆ ಪೂರ್ತಿ ನೋಡಿ, ಹೆಡ್‌ಫೋನ್ ಹಾಕಿಕೊಂಡು.